ಆಟಿಕೆಯ ಬಣ್ಣ ಎಲ್ಲಿಂದ ಬಂತು? ಆಮದು ನಿಯಂತ್ರಣ ಮತ್ತು ಚನ್ನಪಟ್ಟಣದ ವಿನಾಯಿತಿ

ಬೆಂಗಳೂರಿನ ವಿಜಯನಗರದ ಮಗ್ಗುಲಿನ ಆರ್‌ಪಿಸಿ ಲೇಔಟ್‌ನಂಥ ಬಡಾವಣೆಯಲ್ಲಿ ಮಗುವಿಗೊಂದು ಗಿಲಕಿ ಕೊಳ್ಳಹೊರಟವರಿಗೆ ಮೂರು ಬಗೆಯ ಸರಕು ಸಿಗಬಹುದು: ಐಎಸ್‌ಐ ಗುರುತಿರುವ ಪ್ಲಾಸ್ಟಿಕ್ ಆಟಿಕೆ, ಅರಗಿನ ಹೊಳಪಿನ ಚನ್ನಪಟ್ಟಣದ ಮರದ ಆಟಿಕೆ, ಊರು-ಹೆಸರು ಇಲ್ಲದ ಬೀದಿಬದಿಯ ಮಾಲು. ಮೊದಲನೆಯದು ಪ್ರಯೋಗಾಲಯ ದಾಟಿ ಬಂದಿರಬೇಕು. ಎರಡನೆಯದಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದೆ. ಮೂರನೆಯದು ಕಾನೂನುಬಾಹಿರ, ಆದರೂ ಮಾರಾಟವಾಗುತ್ತದೆ. ಚೀಪುವ ಮಗುವಿಗೆ ಈ ಭೇದ ಯಾವುದೂ ತಿಳಿಯದು. ಸರಕು ಯಾರ ಕೈಯಿಂದ, ಯಾವ ದೇಶದಿಂದ ಬಂತು ಎಂದು ನಮ್ಮ ನಿಯಂತ್ರಣ ವ್ಯವಸ್ಥೆ ಬಲು ಎಚ್ಚರದಿಂದ ವಿಚಾರಿಸುತ್ತದೆ, ಆದರೆ ಅದರ ಮೇಲಿನ ಬಣ್ಣ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ತಪಾಸಣೆ ಬಣ್ಣದ ಪುಡಿಯ ಹಂತದಲ್ಲೇ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಈಗಿನ ವ್ಯವಸ್ಥೆ ಒಂದರ ಹಿಂದೊಂದು ಬಂದ ಆತಂಕಗಳಿಂದ ರೂಪುಗೊಂಡಿದ್ದು. 2007ರಲ್ಲಿ ಸೀಸ ಬೆರೆತ ಬಣ್ಣದ ಕಾರಣಕ್ಕೆ ಮ್ಯಾಟೆಲ್ ಕಂಪನಿ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ಹಿಂಪಡೆಯಿತು. ಮರುವರ್ಷ ಅಮೆರಿಕ ಹೊಸ ಕಾನೂನು ತಂದಿತು. ಭಾರತ 2009ರ ಜನವರಿಯಲ್ಲಿ ಚೀನಾ ಆಟಿಕೆಗಳನ್ನು ಆರು ತಿಂಗಳ ಅವಧಿಗೆ ನಿಷೇಧಿಸಿ, ಕೆಲವೇ ವಾರಗಳಲ್ಲಿ ಅದನ್ನು ಸಡಿಲಿಸಿತು. ಗಟ್ಟಿ ಕ್ರಮ ಬಂದದ್ದು 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದಿಂದ. 2021ರ ಜನವರಿ 1ರಿಂದ, ಹದಿನಾಲ್ಕು ವರ್ಷದೊಳಗಿನವರ ಆಟಿಕೆ ಸ್ವದೇಶದ್ದಿರಲಿ ವಿದೇಶದ್ದಿರಲಿ, ಭಾರತೀಯ ಮಾನಕ ಬ್ಯೂರೋದ ಪರವಾನಗಿ ಕಡ್ಡಾಯವಾಯಿತು. ಆಮದು ಸುಂಕವೂ ಶೇ 20ರಿಂದ 60ಕ್ಕೆ, ಮುಂದೆ 70ಕ್ಕೆ ಏರಿತು. ಸರ್ಕಾರಿ ಲೆಕ್ಕದಂತೆ 2018-19ರಲ್ಲಿ ಸುಮಾರು 37 ಕೋಟಿ ಡಾಲರ್‌ನಷ್ಟಿದ್ದ ಆಟಿಕೆ ಆಮದು 2021-22ರಲ್ಲಿ 11 ಕೋಟಿ ಡಾಲರ್‌ಗೆ ಇಳಿಯಿತು. ಇದನ್ನು ವ್ಯಾಪಾರದ ಗೆಲುವೆನ್ನಬಹುದು. ಆದರೆ ಆಮದು ಇಳಿದ ಮಾತ್ರಕ್ಕೆ ಮಕ್ಕಳ ಮೈಗೆ ಸೇರುವ ಸೀಸ ಇಳಿಯಿತೆಂದು ತೀರ್ಮಾನಿಸುವಂತಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಪರೀಕ್ಷೆಯ ಕ್ರಮವಂತೂ ಸೊಗಸಾಗಿದೆ. ಆಟಿಕೆ ಸುರಕ್ಷತೆಯ ಭಾರತೀಯ ಮಾನಕವಾದ ಐಎಸ್ 9873ರ ಮೂರನೆಯ ಭಾಗದಂತೆ ಆಟಿಕೆಯ ಬಣ್ಣದ ಪದರವನ್ನು ಕೆರೆದು, ದೇಹದ ಉಷ್ಣತೆಯ, ಅಂದರೆ 37 ಡಿಗ್ರಿಯ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎರಡು ಗಂಟೆ ಇಡುತ್ತಾರೆ. ನುಂಗಿದ ಚೂರಿಗೆ ಹೊಟ್ಟೆಯಲ್ಲಿ ಆಗುವುದನ್ನೇ ಗಾಜಿನ ಪಾತ್ರೆಯಲ್ಲಿ ಮಾಡಿ ನೋಡುವುದು. ಪ್ರತಿ ಕಿಲೋಗೆ ಸೀಸ 90 ಮಿಲಿಗ್ರಾಂ, ಕ್ಯಾಡ್ಮಿಯಂ 75, ಆರ್ಸೆನಿಕ್ 25 ಮೀರಿ ಬಿಟ್ಟುಕೊಂಡರೆ ಆಟಿಕೆ ಅನುತ್ತೀರ್ಣ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮೀರಿದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜಿಸಿತು. ಇಷ್ಟು ಮಕ್ಕಳ ಬುದ್ಧಿಶಕ್ತಿ ಪಣಕ್ಕಿರುವಾಗ ಪರೀಕ್ಷೆಯನ್ನು ಸುಂಕದ ಗೇಟಿನಲ್ಲಷ್ಟೇ ಬಿಗಿಗೊಳಿಸಿ ಕೂರುವುದು ಸಾಲದು.

ಇಲ್ಲಿ ಚನ್ನಪಟ್ಟಣದ ಪ್ರಶ್ನೆ ಬರುತ್ತದೆ. ಅಲ್ಲಿನ ಆಟಿಕೆಯಂತೆ ಭೌಗೋಳಿಕ ಗುರುತು ಪಡೆದ ವಸ್ತುಗಳ ಅಧಿಕೃತ ತಯಾರಕರಿಗೂ ನೋಂದಾಯಿತ ಕರಕುಶಲಕರ್ಮಿಗಳಿಗೂ 2020ರ ಡಿಸೆಂಬರ್‌ನ ತಿದ್ದುಪಡಿ ವಿನಾಯಿತಿ ಕೊಟ್ಟಿತು. ಮನೆಯಂಗಳದಲ್ಲಿ ಲೇಥ್ ಇಟ್ಟುಕೊಂಡವರು ಪರವಾನಗಿ ಶುಲ್ಕ, ಪ್ರಯೋಗಾಲಯದ ಖರ್ಚು ಹೊರಲಾರರು. ಆ ಮಟ್ಟಿಗೆ ಇದು ನ್ಯಾಯವಾದ ಕ್ರಮ. ಆದರೆ ಕಸುಬನ್ನು ಹತ್ತಿರದಿಂದ ಗಮನಿಸಬೇಕು. ಅರಗನ್ನು ಕೆಂಡದ ಮೇಲೆ ಕಾಯಿಸಿ, ಬಣ್ಣ ಸೇರಿಸಿ, ಎಳೆದು ನಾದಿ ಕಡ್ಡಿ ಮಾಡುತ್ತಾರೆ. ಲೇಥ್‌ನಲ್ಲಿ ತಿರುಗುವ ಆಲೆ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿ ಹಿಡಿದು ಹೊಳಪು ತರುತ್ತಾರೆ. ಮರ, ಅರಗು, ಗರಿ ಮೂರರಲ್ಲೂ ವಿಷವಿಲ್ಲ. ಅಪಾಯ ಬರುವುದಿದ್ದರೆ ಕಡ್ಡಿಗೆ ಬೆರೆಸುವ ಬಣ್ಣದಿಂದ. ಉಜ್ವಲ ಹಳದಿ ಕೊಡುವ ಲೆಡ್ ಕ್ರೋಮೇಟ್‌ನ ತೂಕದಲ್ಲಿ ಸುಮಾರು ಶೇ 64 ಪಾಲು ಸೀಸವೇ. ಇಂಥ ಪುಡಿ ಕಡ್ಡಿಗೆ ಸೇರಿದರೆ ಮಗುವಿಗಿಂತ ಮೊದಲು ಅದರ ಧೂಳು ಕುಡಿಯುವವರು ಕುಶಲಕರ್ಮಿಗಳು. ಸಹಜ ಬಣ್ಣವೆಂದ ಮಾತ್ರಕ್ಕೂ ನಿಶ್ಚಿಂತೆ ಇಲ್ಲ: ಬಾಂಗ್ಲಾದೇಶದಲ್ಲಿ ಅರಿಶಿನಕ್ಕೇ ಲೆಡ್ ಕ್ರೋಮೇಟ್ ಬೆರೆಸುತ್ತಿದ್ದುದನ್ನು 2019ರ ಸಂಶೋಧನೆ ತೋರಿಸಿತು.

ಪುಡಿಯನ್ನು ತಡೆಯುವ ಕಾನೂನು ಈಗಾಗಲೇ ಇಲ್ಲವೇ ಎಂದು ಕೇಳಬಹುದು. ಭೋಪಾಲ್ ದುರಂತದ ನಂತರ, 1989ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಆಮದಿನ ಮುನ್ಸೂಚನೆ ಕೇಳುತ್ತವೆ, ನಿಜ. ಅವುಗಳ ಗುರಿ ಸ್ಫೋಟ, ಸೋರಿಕೆಯಂಥ ಅವಘಡಗಳು. ವಸ್ತುವಿನೊಳಗೆ ಅಡಗಿ ಬರುವ ವಿಷವನ್ನು ಅವು ಹುಡುಕುವುದಿಲ್ಲ. 2016ರ ಸೀಸದ ನಿಯಮಗಳು 90 ಪಿಪಿಎಂ ಮಿತಿ ಹಾಕಿದ್ದು ಗೃಹಬಳಕೆಯ ಮತ್ತು ಅಲಂಕಾರಿಕ ಪೇಂಟ್‌ಗಳಿಗೆ. ಅರಗಿನ ಕಡ್ಡಿ ಪೇಂಟ್ ಡಬ್ಬಿಯಲ್ಲ. ಎರಡು ನಿಯಮಗಳ ನಡುವಿನ ಸಂದಿಯಲ್ಲಿ ಬಣ್ಣದ ಪುಡಿ ನುಸುಳಿಕೊಳ್ಳಲು ದಾರಿಯಿದೆ.

ಮೂಲದಲ್ಲೇ ತಡೆದರೆ ಫಲ ಸಿಗುತ್ತದೆ ಎನ್ನುವುದಕ್ಕೆ ಬೆಂಗಳೂರಿನ ಇತಿಹಾಸದಲ್ಲೇ ಪುರಾವೆಯಿದೆ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ ಸೀಸ ಆಗಿನ ಮಿತಿಯಾದ 10 ಮೈಕ್ರೋಗ್ರಾಂ ಮೀರಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರಂಥವರು ಪಟ್ಟುಹಿಡಿದು ಈ ವಿಷಯವನ್ನು ಸಾರ್ವಜನಿಕ ಚರ್ಚೆಗೆ ತಂದರು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಾಗ ಯಾರೂ ಸ್ಕೂಟರ್ ಸ್ಕೂಟರ್ ತಡೆದು ತಪಾಸಣೆ ಮಾಡಲಿಲ್ಲ. ಬದಲಾವಣೆ ಸಂಸ್ಕರಣಾಗಾರದಲ್ಲೇ ಆಯಿತು. ಆಟಿಕೆಗೂ ಇದೇ ತರ್ಕ ಸಲ್ಲುತ್ತದೆ. ಸಾವಿರಾರು ಆಟಿಕೆ ಪರೀಕ್ಷಿಸುವುದಕ್ಕಿಂತ ಬಣ್ಣದ ಒಂದು ಚೀಲ ಪರೀಕ್ಷಿಸುವುದು ಅಗ್ಗ.

ಕುಶಲಕರ್ಮಿಗಳ ಮೇಲೆ ಇನ್ನೊಂದು ಹೊರೆ ಹೇರಿದಂತಾಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಈ ಹೊರೆ ಹೊರಬೇಕಾದವರು ಪುಡಿಯನ್ನು ಆಮದು ಮಾಡುವವರು, ತಯಾರಿಸುವವರು, ಸಗಟು ಮಾರುವವರು, ಕಡ್ಡಿ ಎಳೆಯುವವರಲ್ಲ. ಪರೀಕ್ಷಿತ ಬಣ್ಣವನ್ನು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವೇ ಸಗಟಿನಲ್ಲಿ ಕೊಂಡು ಹಂಚಬಹುದು. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ನಿಮಿಷದೊಳಗೆ ಸೀಸದ ಸುಳಿವು ಕೊಡುತ್ತದೆ. ಸಂಶಯ ಬಂದ ಚೀಲವನ್ನಷ್ಟೇ ಪ್ರಯೋಗಾಲಯಕ್ಕೆ ಕಳಿಸಿದರಾಯಿತು. ಪ್ಲಾಸ್ಟಿಕ್ ಮೆತ್ತಗಾಗಿಸುವ ಥ್ಯಾಲೇಟ್‌ಗಳು ಬಣ್ಣದಲ್ಲಿಲ್ಲ, ಅವುಗಳಿಗೇನು ದಾರಿ ಎಂಬ ಮರುಪ್ರಶ್ನೆಯೂ ಸರಿಯಾದದ್ದೇ. ಯಂತ್ರ ಅವುಗಳನ್ನು ಗುರುತಿಸದು. ಐಎಸ್ 9873ರ ಒಂಬತ್ತನೆಯ ಭಾಗದ ಪ್ರಯೋಗಾಲಯ ಪರೀಕ್ಷೆಯೇ ಬೇಕು. ಅಲ್ಲೂ ಆಟಿಕೆ ಅಚ್ಚಿಗಿಳಿಯುವ ಮುನ್ನ ಪಿವಿಸಿ ಹರಳು ಎಲ್ಲಿಂದ ಬಂತು, ಅದಕ್ಕೆ ಏನು ಬೆರೆಸಿದ್ದಾರೆ ಎಂದು ಕೇಳುವ ಅಧಿಕಾರ ಬ್ಯೂರೋಗೆ ಇರಬೇಕು. ಭೌಗೋಳಿಕ ಗುರುತಿನ ವಿನಾಯಿತಿಯನ್ನು ಪರವಾನಗಿಗೆ ಮಾತ್ರ ಸೀಮಿತಗೊಳಿಸಿ, ಬಣ್ಣಕ್ಕೆ ಅನ್ವಯಿಸದಂತೆ ಆದೇಶವನ್ನು ತಿದ್ದಬೇಕು.