ಕೇಂದ್ರಾಪಗಾಮಿ

ಕೇಂದ್ರ, ಅಪ, ಗಾಮಿ: ನಡುವಿನಿಂದ ದೂರ ಸರಿಯುವುದು. ವಿಜ್ಞಾನಿ ಹೈಗೆನ್ಸ್ 1659ರಲ್ಲಿ ಲ್ಯಾಟಿನ್‌ನಲ್ಲಿ ಬಳಸಿದ ‘ವಿಸ್ ಸೆಂಟ್ರಿಫ್ಯೂಗ’ದ ಕನ್ನಡ ರೂಪವಿದು. ನ್ಯೂಟನ್ ಅದಕ್ಕೆ ಎದುರಾಗಿ ಕಟ್ಟಿದ ಪದವೇ ನಮ್ಮ ‘ಕೇಂದ್ರಾಭಿಗಾಮಿ’. ಅಂದಹಾಗೆ, ‘ಕೇಂದ್ರ’ವೂ ಗ್ರೀಕಿನಿಂದ ಸಂಸ್ಕೃತಕ್ಕೆ ಬಂದ ಪದ.

ಈ ಕೇಂದ್ರಾಪಗಾಮಿ ಬಲ ನಿಜವೇ? ಬಟ್ಟೆ ಹಿಂಡುವುದರಲ್ಲೇ ನೋಡೋಣ. ಸಿಯಾಟಲ್ ಮಳೆಯಲ್ಲಿ ಪಂಚೆಯನ್ನು ಹೊರಗೆ ಹರವುವಂತಿಲ್ಲ. ವಾಷಿಂಗ್ ಮೆಷಿನ್ನೇ ಹಿಂಡಬೇಕು. 25 ಸೆಂ.ಮೀ. ತ್ರಿಜ್ಯದ ಡ್ರಮ್ಮು ನಿಮಿಷಕ್ಕೆ 1,200 ಸುತ್ತು ತಿರುಗಿದರೆ, ಅದರ ಗೋಡೆ ಬಟ್ಟೆಯನ್ನು ಗುರುತ್ವದ ಸುಮಾರು 400 ಪಟ್ಟು ಬಲದಿಂದ ಒಳಕ್ಕೆ ಒತ್ತುತ್ತದೆ. ತೂತಿನ ಬಳಿ ಬಂದ ನೀರ ಹನಿಯನ್ನು ತಡೆಯಲು ಗೋಡೆಯಿಲ್ಲ. ಅದು ಸ್ಪರ್ಶರೇಖೆ ಹಿಡಿದು ನೆಟ್ಟಗೆ ಹೊರಡುತ್ತದೆ. ಹೊರಕ್ಕೆ ಯಾರೂ ತಳ್ಳಲಿಲ್ಲ.

ಡ್ರಮ್ಮಿನ ಜೊತೆಗೇ ತಿರುಗುತ್ತ ನೋಡಿದರೆ ಮಾತು ಬೇರೆ. ಅಲ್ಲಿ ಬಟ್ಟೆ ನಿಂತಂತೆ ಕಾಣುತ್ತದೆ. ಗೋಡೆಯ ಒಳಮುಖದ ಒತ್ತಡಕ್ಕೆ ಸರಿದೂಗಲು ಹೊರಮುಖದ ಬಲವೊಂದನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ ಜೋಡಿಸುವ ಬೋಯಿಂಗ್ 737ರ ಎಂಜಿನ್ ಅಲಗಿಗೂ ಇದೇ ಲೆಕ್ಕ. ಅಲಗಿನ ಬುಡ ತಾಳುವ ಸೆಳೆತ ಯಾವ ಕಡೆಯಿಂದ ನೋಡಿದರೂ ನಿಜ.

ಪಠ್ಯಗಳು ಆ ಹೊರಮುಖದ ಬಲವನ್ನು ‘ಹುಸಿ ಬಲ’ ಎನ್ನುತ್ತವೆ. ಮೇಷ್ಟ್ರುಗಳೇ, ಆ ಪದ ಹೇಳುವಾಗ ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದನ್ನೂ ಮಕ್ಕಳಿಗೆ ಹೇಳಿ.