ನದಿ ಆಚೆ ಹುಟ್ಟಿದ ಐಡಿಯಾ

1984ರ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ ದುರಂತ ಆದಾಗ ಮೊದಲು ಧಾವಿಸಿದ ವೈದ್ಯರಲ್ಲಿ ಮನೋವೈದ್ಯರು ಇರಲಿಲ್ಲ. ಕಣ್ಣು, ಶ್ವಾಸಕೋಶ ನೋಡಿದರು. ಮನಸ್ಸಿಗೂ ಪೆಟ್ಟು ಬಿದ್ದಿದೆ ಅಂತ ಹೊಳೆಯೋಕೆ ವಾರಗಳೇ ಬೇಕಾದವು. ಮನೋವೈದ್ಯರನ್ನು ಎಲ್ಲಿಂದ ತರೋದು? 1985ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಡಲಾಯಿತು. ಆ ಕೆಲಸದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಇದ್ದರು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲೂ ಇದನ್ನೇ ಶುರುಮಾಡಿತ್ತು, ಆದರೆ ದುರಂತಕ್ಕಲ್ಲ, ಮಾಮೂಲಿ ದಿನಗಳಿಗೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ, ಹಳ್ಳಿ ಸುತ್ತುವ ಕಾರ್ಯಕರ್ತೆಗೆ ಲಕ್ಷಣ ಗುರುತಿಸುವ ಪಾಠ, ಕೇಂದ್ರದಲ್ಲೇ ನಾಲ್ಕಾರು ಅಗತ್ಯ ಮಾತ್ರೆ. ಅಷ್ಟೇ. 1996ರಲ್ಲಿ ಬಂದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಇದೇ. ತುಂಗಭದ್ರೆ ದಾಟಿದರೆ ಕೊಪ್ಪಳ. ಆಗದು ರಾಯಚೂರು ಜಿಲ್ಲೆಯಲ್ಲಿತ್ತು. ಸ್ವಂತ ಜಿಲ್ಲೆ ಆಗಿದ್ದು 1997ರಲ್ಲಿ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂತು. ಬಿದ್ದ ಮನೆಗಳ ಲೆಕ್ಕ ಆಯ್ತು, ‘ಆಸರೆ’ ಮನೆಗಳು ಬಂದವು. ನೆರೆಗೆ ತಾರೀಖಿದೆ, ಫೋಟೋ ಇದೆ. ಹಾಗಾಗಿ ತಂಡ ಕಳಿಸೋದು ಸುಲಭ.

ಯಲಬುರ್ಗಾ, ಕುಷ್ಟಗಿ ಕಡೆ ಬರೋದು ಬರ. ಅದು ಯಾವತ್ತು ಶುರುವಾಯ್ತು ಅಂತ ಹೇಳೋರಾರು? ಬಿತ್ತಿದ್ದು ಒಣಗುತ್ತೆ, ಸಾಲ ಏರುತ್ತೆ, ದುಡಿಯೋರು ಗುಳೆ ಹೋಗ್ತಾರೆ: ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ. ನಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರಲ್ಲಿ ಇವರೂ ಇರ್ತಾರೆ. ಕೌನ್ಸೆಲರ್ ಹೋಗೋ ಹೊತ್ತಿಗೆ ಅರ್ಧ ಊರಿಗೆ ಬೀಗ. ಉಳಿದಿರೋದು ಮುದುಕರು, ಮೊಮ್ಮಕ್ಕಳು. ನೀರಾವರಿಯ ಗಂಗಾವತಿ ಬೇರೆ ಲೋಕ ಅನ್ನಿಸಬಹುದು. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ನೀರಿನ ಜೊತೆ ಭತ್ತದ ಲೆಕ್ಕವೂ ಹರಿದುಹೋಗುವ ಭಯ ಅಲ್ಲೂ ಇತ್ತು.

ನನಗನ್ನಿಸೋದು, ಇಂಥ ಕಡೆ ದುರಂತ ಘೋಷಣೆ ಆದಮೇಲೆ ಮಾಡೋ ಯೋಜನೆ ಯಾವಾಗಲೂ ತಡ. ಬಳ್ಳಾರಿಯಲ್ಲಿ ಮಾಡಿದ್ದು ಅದಕ್ಕಿಂತ ಮುಂಚಿನ ಕೆಲಸ. ಯಾರೂ ಬಂದು ‘ನನಗೆ ಡಿಪ್ರೆಶನ್’ ಅನ್ನಲ್ಲ; ತಲೆನೋವು, ನಿದ್ದೆ ಇಲ್ಲ, ಊಟ ಸೇರ್ತಿಲ್ಲ ಅಂತಾರೆ. ಮನೆಮನೆಗೆ ಹೋಗೋ ಆಶಾ ಕಾರ್ಯಕರ್ತೆಗೆ ಅದು ಕೇಳಿಸುತ್ತೆ, ಬೆಂಗಳೂರಿಂದ ಬಂದವರಿಗಲ್ಲ. ಬಿತ್ತನೆ ಕೈಕೊಟ್ಟ ತಿಂಗಳಲ್ಲೇ ಆಕೆ ಯಾವ ಮನೆಗೆ ಮೊದಲು ಹೋಗಬೇಕು, ಅನುಮಾನ ಬಂದರೆ ಯಾವ ಡಾಕ್ಟರಿಗೆ ಹೇಳಬೇಕು, ಇಷ್ಟು ಮೊದಲೇ ತೀರ್ಮಾನ ಆಗಿರಬೇಕು. ಈ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ದುಡ್ಡೂ ಕೊಡಬೇಕು, ಬಿಡಿ.

2022ರಲ್ಲಿ ಶುರುವಾದ ಟೆಲಿ-ಮಾನಸ್‌ನ 14416ಕ್ಕೆ ಎಲ್ಲಿಂದಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಊರಲ್ಲಿ ಉಳಿದ ಅಜ್ಜಿಗೂ, ಬೆಂಗಳೂರಿನ ತಗಡಿನ ಶೆಡ್ಡಲ್ಲಿ ಮಲಗೋ ಮಗನಿಗೂ ನಂಬರ್ ಒಂದೇ. ಆ ನಂಬರನ್ನ ಅವರಿಬ್ಬರಿಗೂ ಹೇಳೋ ಕೆಲಸ ಯಾವ ಜಿಲ್ಲೆಯದು ಅನ್ನೋದನ್ನ ಮಾತ್ರ ಯೋಜನೆಯಲ್ಲಿ ಬರೆಯಬೇಕಿದೆ.