ಹಿಂದಿನ ಸೀಟಿನ ಕಾರು, ಮುಂದಿನ ಸೀಟಿನ ಕಾರು

2014ರಲ್ಲಿ ನಾಲ್ಕೇ ತಿಂಗಳ ಅಂತರದಲ್ಲಿ ಎರಡು ಕಾರುಗಳ ತಯಾರಿಕೆ ನಿಂತಿತು. ಜನವರಿಯಲ್ಲಿ ಮಾರುತಿ 800, ಮೇ ತಿಂಗಳಲ್ಲಿ ಅಂಬಾಸಿಡರ್. ಹುಟ್ಟಿನಲ್ಲಿ ಮಾತ್ರ ಕಾಲು ಶತಮಾನದ ಅಂತರ.

ಕೋಲ್ಕತ್ತ ಸಮೀಪದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಅಂಬಾಸಿಡರ್ ಅಸಲಿಗೆ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಲ್ಲಿನವರು ಆ ಮಾದರಿಯನ್ನು 1959ರಲ್ಲೇ ಕೈಬಿಟ್ಟರು. ಇಲ್ಲಿ ಅದು ಇನ್ನೂ 55 ವರ್ಷ ಬಾಳಿತು. ಗಟ್ಟಿತನವೊಂದೇ ಕಾರಣವಲ್ಲ. ಆಮದಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು, ಎಷ್ಟು ಕಾರು ತಯಾರಾಗಬೇಕೆಂಬುದು ಸರ್ಕಾರದ ಲೈಸೆನ್ಸಿನಲ್ಲಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಗಿರಾಕಿ ಇರುವಾಗ ಮಾದರಿ ಬದಲಿಸುವ ಉಸಾಬರಿ ಯಾರಿಗೆ ಬೇಕು?

ಅದು ಹಿಂದೆ ಕೂರುವವರ ಕಾರು. ಮಂತ್ರಿ, ಕಲೆಕ್ಟರು, ಮದುವೆಯ ಗಂಡು ಕಾಲು ಚಾಚಿ ಕೂರಬಹುದಿತ್ತು. ಗೇರ್ ಸ್ಟೇರಿಂಗಿನ ಕೆಳಗೇ ಇದ್ದದ್ದರಿಂದ ಮುಂದಿನ ಉದ್ದ ಸೀಟಿನಲ್ಲೂ ಇಬ್ಬರನ್ನು ತುರುಕಬಹುದಿತ್ತು. ಡ್ರೈವರನ ಪಾಡು ಬೇರೆ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯಬೇಕು, ಬ್ಯಾಟರಿ ಕೈಕೊಟ್ಟರೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ತಿರುವಿನಲ್ಲಿ ಸ್ಟೇರಿಂಗಿನ ಜೊತೆ ಗುದ್ದಾಡಬೇಕು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರಿಸಿದರು. ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಇದರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಮುಂದಿನವನ್ನು. ತೂಕ ಹಳೆಯದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಕ್ಲಚ್ ಹಗುರ, ಗಲ್ಲಿಯಲ್ಲೂ ತಿರುಗಿಸಬಹುದು. ಬ್ಯಾಂಕಿನ ನೌಕರ, ಡಾಕ್ಟರು ಡ್ರೈವರನ ಹಂಗಿಲ್ಲದೆ ತಾವೇ ಸ್ಟೇರಿಂಗ್ ಹಿಡಿದರು. ಭಾರತದ ಮಧ್ಯಮವರ್ಗ ಮುಂದಿನ ಸೀಟಿಗೆ ಬಂದದ್ದು ಹೀಗೆ.

ರಿಪೇರಿಯ ಮಾತಿಗೆ ಬಂದರೆ ಅಂಬಾಸಿಡರ್‌ಗೇ ಗೆಲುವು. ಬಾನೆಟ್ ಎತ್ತಿದರೆ ಕೈ ಆಡಿಸಲು ಧಾರಾಳ ಜಾಗ. ಕಾರ್ಬೊರೇಟರ್ ಬಿಚ್ಚಿ ಊದಿ, ಪಾಯಿಂಟ್ ಉಜ್ಜಿದರೆ ಎಷ್ಟೋ ಸಲ ಗಾಡಿ ಹೊರಡುತ್ತಿತ್ತು. ಇಂದಿನ ಕಾರಿನಲ್ಲಿ ಎಚ್ಚರಿಕೆ ದೀಪ ಹತ್ತಿದರೆ ಮೆಕ್ಯಾನಿಕ್ ಮೊದಲು ಹುಡುಕುವುದು ಸ್ಪ್ಯಾನರ್ ಅಲ್ಲ, ಸ್ಕ್ಯಾನರ್.

ಆದರೆ ‘ಆ ಕಾಲದ ತಗಡು’ ಎಂದು ಹೊಗಳುವವರ ಮಾತನ್ನು ಪೂರ್ತಿ ನಂಬುವಂತಿಲ್ಲ. ಹೊಸ ಕಾರಿನ ಮೂತಿ ಡಿಕ್ಕಿಯಲ್ಲಿ ಮುದುಡುವುದು ಬೇಕೆಂದೇ. ಅದು ನುಂಗಿದಷ್ಟು ಆಘಾತ ಒಳಗಿದ್ದವರಿಗೆ ಕಡಿಮೆ. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಹಳೆಯ ಅಂಬಾಸಿಡರ್‌ನಲ್ಲಿ ಚಾಲಕನ ಎದೆಗೆದುರು ಇದ್ದದ್ದು ಗಟ್ಟಿ ಸ್ಟೇರಿಂಗ್ ಚಕ್ರ.

2017ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿ ಅಂಬಾಸಿಡರ್ ಎಂಬ ಹೆಸರನ್ನು 80 ಕೋಟಿ ರೂಪಾಯಿಗೆ ಕೊಂಡಿತು.